ಹೊಳೆ ದಂಡೆಗೆ ಕಳ್ಳಿಪೀರ ಮತ್ತೆ ಬಂದಿವೆ, ತಮ್ಮ ಜೆಸಿಬಿ ತರಿಸ್ತೀನಿ ಅಂತಿದ್ದಾನೆ

ಹೊಳೆದಂಡೆ · ಫೆಬ್ರವರಿ 26

ಎಲ್ಲರಿಗೂ ನಮಸ್ಕಾರ. ಶ್ರೀರಂಗಪಟ್ಟಣದಿಂದ ಸ್ವಲ್ಪ ಕೆಳಗೆ, ಕಾವೇರಿ ಪಕ್ಕದಲ್ಲೇ ನಮ್ಮ ಎರಡೂವರೆ ಎಕರೆ ಜಮೀನಿದೆ. ಮೇಲ್ಗಡೆ ಕಬ್ಬು, ಬದುವಿನಲ್ಲಿ ತೆಂಗು. ಹೊಳೆ ಕಡೆ ಅರ್ಧ ಎಕರೆಯಷ್ಟು ಮರಳು ಮಣ್ಣಿನ ಬೀಳು. ಅಲ್ಲಿ ಏನು ಹಾಕಿದರೂ ನೀರು ನಿಲ್ಲೋದಿಲ್ಲ, ಅದಕ್ಕೆ ಬಿಟ್ಟಿದ್ದೇವೆ. ಆ ಬೀಳಿನ ಅಂಚು ಹೊಳೆಗೆ ಗೋಡೆ ಥರ ನೆಟ್ಟಗೆ ಇಳಿಯುತ್ತದೆ. ಒಂದೂವರೆ ಆಳು ಎತ್ತರ.

ಮೊನ್ನೆ ಬೆಳಿಗ್ಗೆ ಮೋಟಾರ್ ಹಾಕೋಕೆ ಹೋದೆ. ತಲೆ ಮೇಲೆ ಟ್ರೀಪ್ ಟ್ರೀಪ್ ಅಂತ ಸದ್ದು. ಕತ್ತೆತ್ತುವ ಮೊದಲೇ ಗೊತ್ತಾಯಿತು. ಏಳು ಹಕ್ಕಿ, ಕರೆಂಟ್ ತಂತಿ ಮೇಲೆ ಸಾಲಾಗಿ. ನೀಲಿಬಾಲದ ಕಳ್ಳಿಪೀರ. ಹಸಿರು ಮೈ, ಗಲ್ಲದ ಕೆಳಗೆ ಹಳದಿ, ಅದರ ಕೆಳಗೆ ಇಟ್ಟಿಗೆ ಬಣ್ಣ, ಕಣ್ಣಿಗೆ ಕಾಡಿಗೆ ಎಳೆದ ಹಾಗೆ ಕಪ್ಪು ಗೀಟು. ಹಾರಿದಾಗ ಸೊಂಟದಿಂದ ಬಾಲದವರೆಗೆ ನೀಲಿ. ನಮ್ಮವ್ವ ಇವನ್ನು ಯುಗಾದಿ ಹಕ್ಕಿ ಅಂತಾಳೆ. ಊರಲ್ಲಿ ಬೇರೆ ಯಾರೂ ಹಾಗೆ ಕರೆಯೋದಿಲ್ಲ, ಅವಳೇ ಇಟ್ಟ ಹೆಸರು.

ಈಗ ವಿಷಯಕ್ಕೆ ಬರ್ತೀನಿ. ಬೇಸಿಗೆಯಲ್ಲಿ ಹೊಳೆ ಇಳಿದಾಗ ನಮ್ಮ ಮೋಟಾರಿನ ಪೈಪಿನ ತುದಿಯ ಫುಟ್‌ವಾಲ್ವ್ ನೀರಿನ ಬದಲು ಗಾಳಿ ಎಳೆಯುತ್ತದೆ. ಹೋದ ವರ್ಷ ಏಪ್ರಿಲ್‌ನಲ್ಲಿ ಹತ್ತು ದಿನ ಕಬ್ಬಿಗೆ ನೀರಿಲ್ಲ. ಅದಕ್ಕೆ ತಮ್ಮ ಒಂದು ಲೆಕ್ಕ ಹಾಕಿದ್ದಾನೆ. ಆ ಗೋಡೆಯನ್ನು ಜೆಸಿಬಿಯಲ್ಲಿ ಕೆಡವಿ ಇಳಿಜಾರು ಮಾಡೋದು, ಮೋಟಾರನ್ನು ಕೆಳಗಿಳಿಸೋದು. ಯುಗಾದಿಯೊಳಗೆ ಮುಗಿಸಬೇಕಂತೆ. ಈ ಹಕ್ಕಿಗಳು ತೂತು ಕೊರೆದು ಗೂಡು ಮಾಡೋದು ಅದೇ ಗೋಡೆಯಲ್ಲಿ.

ಅವನ ಕಷ್ಟ ಸುಳ್ಳಲ್ಲ. ನನ್ನ ಹೊಟ್ಟೆಗೂ ಅದೇ ಕಬ್ಬು. ಆದರೂ ಮನಸ್ಸು ಒಪ್ಪುತ್ತಿಲ್ಲ. ಗೊತ್ತಿರುವವರು ಹೇಳಿ: ಈಗ ಕೆಲಸ ಮಾಡಿಸಿದರೆ ಏನಾಗುತ್ತದೆ? ಕಾಯುವುದಾದರೆ ಎಷ್ಟು ದಿನ?

ಕಬ್ಬುಗದ್ದೆ · ಫೆಬ್ರವರಿ 26

ಅಕ್ಕ, ಒಂದು ಡೌಟು. ಕಳ್ಳಿಪೀರ ನಮ್ಮ ಪಾಂಡವಪುರದ ಕಡೆ ವರ್ಷವಿಡೀ ತಂತಿ ಮೇಲೆ ಕೂತಿರುತ್ತದಲ್ಲ? ಅದೇನು ಹೋಗಿ ಬರುವ ಹಕ್ಕಿಯಾ?

ಹಕ್ಕಿಗಣ್ಣು · ಫೆಬ್ರವರಿ 26

ನೀವು ನೋಡಿರೋದು ಸಣ್ಣ ಕಳ್ಳಿಪೀರ. ಗುಬ್ಬಿಗಿಂತ ಸ್ವಲ್ಪ ದೊಡ್ಡದು, ಪೂರ್ತಿ ಹಸಿರು, ಬಾಲದ ಮಧ್ಯದಿಂದ ಎರಡು ಕಡ್ಡಿ ಹೊರಟಂತೆ ಗರಿ. ಅದು ಇಲ್ಲಿಯದೇ, ಎಲ್ಲೂ ಹೋಗೋದಿಲ್ಲ. ಅಕ್ಕ ಹೇಳುತ್ತಿರೋದು ಅದರ ದೊಡ್ಡಪ್ಪನ ಮಗ. ಚಳಿಗಾಲ ಕಳೆದ ಮೇಲೆ ಕಾವೇರಿ ದಂಡೆಗೆ ಮರಿ ಮಾಡೋಕೆ ಬಂದು, ಮಳೆ ಹಿಡಿಯುವ ಹೊತ್ತಿಗೆ ಹೋಗುತ್ತವೆ. ಶ್ರೀಲಂಕಾದವರಿಗೆ ಇವು ಚಳಿಗಾಲದ ಅತಿಥಿ. ಶ್ರೀರಂಗಪಟ್ಟಣದ ಹತ್ತಿರದ ನಗುವನಹಳ್ಳಿಯ ಗೂಡಿನ ಜಾಗ ಮೈಸೂರಿನ ಹಕ್ಕಿ ನೋಡುವವರಿಗೆಲ್ಲ ಗೊತ್ತು.

ಅಕ್ಕನ ಪ್ರಶ್ನೆಗೆ ರಾತ್ರಿ ಬರೆಯುತ್ತೇನೆ. ಈಗ ಸ್ಕೂಲಲ್ಲಿದ್ದೇನೆ, ಎಂಟನೇ ತರಗತಿ ಗಲಾಟೆ ಮಾಡುತ್ತಿದೆ.

ಶಿರಸಿ_ಜೇನು · ಫೆಬ್ರವರಿ 26

ಬೇಜಾರು ಮಾಡ್ಕೋಬೇಡಿ, ಆದರೆ ನನಗೆ ಈ ಹಕ್ಕಿಯ ಮೇಲೆ ಅಂಥ ಪ್ರೀತಿ ಏನಿಲ್ಲ. ನಮ್ಮಲ್ಲಿ ಕೆಂದಲೆಯದು ಬರುತ್ತದೆ. ತುಡುವೆ ಜೇನಿನ ಪೆಟ್ಟಿಗೆ ಇಟ್ಟ ಜಾಗದ ಎದುರು ಒಣ ಕೊಂಬೆ ಹಿಡಿದು ಕೂತರೆ ಮುಗಿಯಿತು. ಒಂದೊಂದೇ ನೊಣವನ್ನು ಹಿಡಿದು, ಕೊಂಬೆಗೆ ಪಟಪಟ ಬಡಿದು, ಮುಳ್ಳು ಉಜ್ಜಿ ತೆಗೆದು ನುಂಗುತ್ತದೆ. ಕೆಲಸದ ನೊಣ ಹೋದರೆ ಹೋಗಲಿ. ಹೊಸ ರಾಣಿ ಮಿಲನಕ್ಕೆ ಹಾರಿದ ದಿನ ಇವು ಅಲ್ಲಿದ್ದರೆ ಆ ಕುಟುಂಬವೇ ಹಾಳು.

ಹಕ್ಕಿಗಣ್ಣು · ಫೆಬ್ರವರಿ 26, ರಾತ್ರಿ

ಮೊದಲು ಶಿರಸಿಯವರಿಗೆ. ನಿಮ್ಮ ಸಿಟ್ಟಿಗೆ ಕಾರಣ ಇದೆ, ಇಲ್ಲ ಅನ್ನೋದಿಲ್ಲ. ಆದರೆ ನೀಲಿಬಾಲದ್ದು ನೀರಿನ ಮೇಲೆ ಬೇಟೆ ಆಡುವುದು ಜಾಸ್ತಿ. ಅದರ ಊಟದಲ್ಲಿ ಏರೋಪ್ಲೇನ್ ಚಿಟ್ಟೆಯ ಪಾಲು ದೊಡ್ಡದು, ಕಣಜವನ್ನೂ ತಿನ್ನುತ್ತದೆ. ಕಣಜ ನಿಮ್ಮ ಪೆಟ್ಟಿಗೆಗೂ ಶತ್ರುವೇ ಅಲ್ವಾ?

ಈಗ ಅಕ್ಕನಿಗೆ. ಬಂದ ತಕ್ಷಣ ಇವು ಮೊಟ್ಟೆ ಇಡೋದಿಲ್ಲ. ಮೊದಲ ಕೆಲವು ದಿನ ತಂತಿ ಮೇಲೆ ಕೂರೋದು, ಗೋಡೆ ಮುಂದೆ ಸುತ್ತು ಹೊಡೆಯೋದು. ಆಮೇಲೆ ಕೊರೆಯೋಕೆ ಶುರು. ಗಂಡು ಹೆಣ್ಣು ಎರಡೂ ಕೊರೆಯುತ್ತವೆ. ಕೊಕ್ಕಿನಿಂದ ಕುಕ್ಕಿ ಮಣ್ಣು ಸಡಿಲ ಮಾಡಿ, ಕಾಲಿನಿಂದ ಹಿಂದಕ್ಕೆ ಎರಚುತ್ತವೆ. ಬಿಲ ಒಂದು ಮೀಟರ್ ದಾಟುತ್ತದೆ, ಕೆಲವೊಮ್ಮೆ ಎರಡರ ಹತ್ತಿರ. ಕೊನೆಯಲ್ಲಿ ಒಂದು ಕೋಣೆ. ಹುಲ್ಲಿಲ್ಲ, ಹತ್ತಿಯಿಲ್ಲ, ಬರೀ ನೆಲದ ಮೇಲೆ ಐದರಿಂದ ಏಳು ಬಿಳಿ ಮೊಟ್ಟೆ. ಕಾವಿಗೆ ಸುಮಾರು ಮೂರು ವಾರ, ಮರಿ ಹೊರಗೆ ಬರಲು ಇನ್ನೂ ಮೂರು ನಾಲ್ಕು ವಾರ. ಎಲ್ಲ ಜೋಡಿಗಳೂ ಒಂದೇ ದಿನ ಶುರು ಮಾಡೋದಿಲ್ಲ, ತಡವಾಗಿ ಬರುವವೂ ಇರುತ್ತವೆ. ಅದಕ್ಕೆ ಜೂನ್ ಕೊನೆಯವರೆಗೆ ಗೋಡೆ ಮುಟ್ಟಬಾರದು.

ಮೊಟ್ಟೆ ಇಟ್ಟ ಮೇಲೆ ಗೂಡು ಕೆಡವಿದರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಬೇಟೆಯ ಲೆಕ್ಕಕ್ಕೇ ಬರುತ್ತದೆ. ಹೆದರಿಸೋಕೆ ಹೇಳುತ್ತಿಲ್ಲ, ತಮ್ಮನಿಗೆ ಗೊತ್ತಿರಲಿ ಅಂತ.

ಮತ್ತೆ, ಈಗಲೇ ಮೊಟ್ಟೆಗೆ ಮುಂಚೆ ಕೆಡವಿದರೆ? ಒಂದು ಮರಿಯೂ ಸಾಯೋದಿಲ್ಲ, ನಿಜ. ಆದರೆ ನಿಮ್ಮ ಗೋಡೆ ಹೋಯಿತು. ಇಳಿಜಾರಿಗೆ ಮುಂದಿನ ವರ್ಷ ಹುಲ್ಲು, ಲಂಟಾನ ಹಬ್ಬುತ್ತದೆ. ಅಲ್ಲಿಗೆ ಇವು ತಿರುಗಿಯೂ ನೋಡೋದಿಲ್ಲ.

ಹೊಳೆದಂಡೆ · ಫೆಬ್ರವರಿ 27

ಸರ್, ನೀವು ಹೇಳಿದ್ದು ಓದಿ ಒಂದು ವಿಷಯ ಹೊಳೆಯಿತು. ನಾನು ಚಿಕ್ಕವಳಿದ್ದಾಗ ಈ ಹಕ್ಕಿ ನಮ್ಮ ಜಮೀನಿಗೆ ಬರುತ್ತಿರಲಿಲ್ಲ. ಆಗ ದಂಡೆ ತುಂಬ ಹೊಂಗೆ, ಮುಳ್ಳುಪೊದೆ. 2018ರಲ್ಲಿ ಕನ್ನಂಬಾಡಿ ಕಟ್ಟೆಯಿಂದ ಜಾಸ್ತಿ ನೀರು ಬಿಟ್ಟರಲ್ಲ, ಆಗ ಎರಡು ಹೊಂಗೆ ಮರ ಸಮೇತ ದಂಡೆ ಕುಸಿದು ಹೊಳೆ ಪಾಲಾಯಿತು. ಅಪ್ಪ ಮರದ ಬೇರು ನೋಡುತ್ತಾ ಕೂತಿದ್ದರು. ಮುಂದಿನ ಬೇಸಿಗೆಗೆ ಮೊದಲ ಸಲ ನಾಲ್ಕು ತೂತು ಕಂಡವು. 2019ರಲ್ಲೂ ಹೊಳೆ ಬಂತು, ಇನ್ನಷ್ಟು ಕಡಿದು ಹೋಯಿತು, ತೂತು ಜಾಸ್ತಿ ಆದವು. 2023ರಲ್ಲಿ ಮಳೆ ಕೈಕೊಟ್ಟು ಕಟ್ಟೆ ತುಂಬಲಿಲ್ಲ. ಗೋಡೆ ಮೇಲೆ ಹುಲ್ಲು ಇಳಿಬಿದ್ದಿತ್ತು. ಅದರ ಮಾರನೇ ಬೇಸಿಗೆ ಹಕ್ಕಿ ತೀರಾ ಕಮ್ಮಿ ಇದ್ದವು.

ಅಂದರೆ ನಮಗೆ ಜಮೀನು ಹೋದ ವರ್ಷವೆಲ್ಲ ಇವಕ್ಕೆ ಮನೆ ಸಿಕ್ಕಿದೆ. ಇದನ್ನು ತಮ್ಮನಿಗೆ ಹೇಗೆ ಹೇಳಲಿ!

ಇನ್ನೊಂದು. ಹಕ್ಕಿ ಬರಬೇಕು ಅಂತ ನಾನು ಆ ಬೀಳಿನಲ್ಲಿ ನೇರಳೆ, ಅತ್ತಿ ಗಿಡ ನೆಡಬೇಕು ಅಂತಿದ್ದೆ. ಗುಂಡಿಯನ್ನೂ ತೋಡಿಸಿದ್ದೆ.

ಹಕ್ಕಿಗಣ್ಣು · ಫೆಬ್ರವರಿ 27

ಅಯ್ಯೋ, ಅಲ್ಲಿ ಬೇಡ. ಗಿಡ ಮೇಲ್ಗಡೆ ಬದುವಿನಲ್ಲಿ ನೆಡಿ. ಈ ಹಕ್ಕಿಗೆ ಬೇಕಾಗಿರೋದೇ ಬೋಳು ಮಣ್ಣು. ಬೇರು ಇಳಿದರೆ ಕೊರೆಯೋಕೆ ಆಗೋದಿಲ್ಲ, ಪೊದೆ ಇದ್ದರೆ ಹಾವು, ಉಡ ಹತ್ತಿರ ಬರೋದು ಸುಲಭ. ಬೀಳು ಅಂತ ನಾವು ಕರೆಯುವ ಎಷ್ಟೋ ಜಾಗ ಹಕ್ಕಿಗಳ ಪಾಲಿಗೆ ಬೀಳಲ್ಲ. ಗೋಡೆ ಮೇಲಿನ ಸಮತಟ್ಟು ಮರಳಲ್ಲೂ ತೂತು ಇದೆಯಾ ನೋಡಿ. ಇವು ಸಪಾಟಾದ ನೆಲದಲ್ಲೂ ಕೊರೆಯುತ್ತವೆ. ದನ ಕಟ್ಟುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಶಿಂಷಾ_ತೀರ · ಫೆಬ್ರವರಿ 28

ನಾನು ಮದ್ದೂರು ತಾಲೂಕಿನವನು, ಕೊಕ್ಕರೆ ಬೆಳ್ಳೂರಿನ ನೆಂಟಸ್ತಿಕೆ ಇದೆ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಬಂದರೆ ಮಗಳು ಬಾಣಂತನಕ್ಕೆ ತವರಿಗೆ ಬಂದ ಹಾಗೆ ಅಂತಾರೆ. ಕೇಳೋಕೆ ಚೆನ್ನಾಗಿದೆ. ಆದರೆ ಮನೆ ಮುಂದಿನ ಹುಣಸೆ ಮರದಲ್ಲಿ ನಲವತ್ತು ಗೂಡಿದ್ದರೆ ಆ ವರ್ಷ ಹುಣಸೆ ಕೈಗೆ ಬರೋದಿಲ್ಲ. ವಾಸನೆ ಬೇರೆ. ಮರದವರಿಗೆ ಅರಣ್ಯ ಇಲಾಖೆ ಪರಿಹಾರ ಅಂತ ಸ್ವಲ್ಪ ದುಡ್ಡು ಕೊಡುತ್ತದೆ. ಮರದ ಕೆಳಗೆ ಬಿದ್ದ ಹಿಕ್ಕೆ ಒಳ್ಳೆ ಗೊಬ್ಬರ, ಅದನ್ನು ಗದ್ದೆಗೆ ಹಾಕುತ್ತಾರೆ. 2007ರಲ್ಲಿ ಸಮುದಾಯ ಮೀಸಲು ಅಂತ ಘೋಷಣೆಯೂ ಆಯಿತು. ಹಾಗಂತ ಎಲ್ಲವೂ ಸಲೀಸಲ್ಲ. ಕೆಲವು ವರ್ಷದ ಹಿಂದೆ ಹೊಟ್ಟೆಯಲ್ಲಿ ಹುಳ ಆಗಿ ಹೆಜ್ಜಾರ್ಲೆ ಒಂದರ ಹಿಂದೆ ಒಂದು ಬಿದ್ದಾಗ ಊರಿಗೆ ಊರೇ ಮಂಕಾಗಿತ್ತು.

ನಾನು ಹೇಳೋದು ಇಷ್ಟೇ. ಹಕ್ಕಿ ಉಳಿಯಬೇಕು ಅಂದರೆ ಜಮೀನಿನವನ ಲೆಕ್ಕವೂ ಸರಿಹೋಗಬೇಕು. ತಮ್ಮನನ್ನು ಬೈಯಬೇಡಿ. ನೀರಿಗೆ ಬೇರೆ ದಾರಿ ಹುಡುಕಿ.

ಕಬ್ಬುಗದ್ದೆ · ಫೆಬ್ರವರಿ 28

ಅದನ್ನೇ ಕೇಳಬೇಕು ಅಂತಿದ್ದೆ. ಅಕ್ಕ, ನಿಮ್ಮ ಜಮೀನಿಗೆ ದನ ಇಳಿಯುವ ದಾರಿ ಇಲ್ವಾ? ಹೊಳೆ ಪಕ್ಕದ ಎಲ್ಲ ಜಮೀನಿಗೂ ಒಂದು ಇರುತ್ತದೆ. ಅದು ಹೇಗಿದ್ದರೂ ಇಳಿಜಾರು. ಮೋಟಾರ್ ಅಲ್ಲಿಗೆ ಇಳಿಸಿದರೆ ಗೋಡೆ ಯಾಕೆ ಕೆಡವಬೇಕು?

ಹೊಳೆದಂಡೆ · ಫೆಬ್ರವರಿ 28

ಇದೆ. ಗೋಡೆಯಿಂದ ಎಪ್ಪತ್ತು ಎಂಬತ್ತು ಅಡಿ ಕೆಳಗೆ. ತಮ್ಮನಿಗೆ ಹೇಳಿದೆ. "ನಿಂಗೆ ಪಂಪಿನ ವಿಷಯ ಗೊತ್ತಿಲ್ಲ ಸುಮ್ನಿರಕ್ಕ" ಅಂದ. ಈ ಚರ್ಚೆಯ ಲಿಂಕ್ ಕಳಿಸಿದ್ದೇನೆ. ಓದುತ್ತಾನೋ ಇಲ್ಲವೋ.

ಪಂಪ್‌ಹೌಸ್ · ಮಾರ್ಚ್ 1

ನಾನೇ ಆ ತಮ್ಮ. ಓದಿದೆ. ಎಲ್ಲರೂ ಸೇರಿ ನನ್ನನ್ನು ಬೇಟೆಗಾರ ಮಾಡಿಟ್ಟಿದ್ದೀರಿ, ಸಂತೋಷ.

ನನ್ನ ಲೆಕ್ಕ ಕೇಳಿ. ಮೋಟಾರ್ ಈಗ ಮೇಲ್ಗಡೆ ಪಂಪ್‌ಹೌಸಲ್ಲಿದೆ. ಹೊಳೆ ಇಳಿದಾಗ ನೀರಿಗೂ ಮೋಟಾರಿಗೂ ಇಪ್ಪತ್ತೈದು ಅಡಿ ಹತ್ತಿರ ಆಗುತ್ತದೆ. ಅಷ್ಟು ಆಳದಿಂದ ನಮ್ಮ ಮೋನೋಬ್ಲಾಕ್ ಪಂಪು ಸರಿಯಾಗಿ ಎಳೆಯೋದಿಲ್ಲ. ನೀರು ಎಳೆಯುವ ಸಕ್ಷನ್ ಪೈಪ್ ಉದ್ದ ಮಾಡಿ ದನದ ದಾರಿಗೆ ತಿರುಗಿಸಿದರೆ ಎರಡು ಬೆಂಡ್ ಬರುತ್ತದೆ, ಇನ್ನೂ ಕಷ್ಟ. ಮೋಟಾರನ್ನೇ ದನದ ದಾರಿಗೆ ಇಳಿಸಬಹುದು, ಸರಿ. ಆದರೆ ಜುಲೈನಲ್ಲಿ ಕಟ್ಟೆ ತುಂಬಿ ರಾತ್ರೋರಾತ್ರಿ ನೀರು ಬಿಟ್ಟರೆ ಮೋಟಾರ್ ಮುಳುಗುತ್ತದೆ. ವೈಂಡಿಂಗ್ ಸುಟ್ಟರೆ ಹಕ್ಕಿ ಬಂದು ಕಟ್ಟಿಕೊಡುತ್ತಾ?

ಗೋಡೆ ಇಳಿಜಾರು ಮಾಡಿದರೆ ನಡುವಲ್ಲಿ ಒಂದು ಕಟ್ಟೆ ಕಟ್ಟಿ ಮೋಟಾರನ್ನು ಅದರ ಮೇಲೆ ಶಾಶ್ವತವಾಗಿ ಇಡಬಹುದು. ಅದಕ್ಕೇ ಹೇಳಿದ್ದು. ಹಕ್ಕಿ ಮೇಲೆ ನನಗೇನು ದ್ವೇಷ? ಅಪ್ಪ ಇದ್ದಾಗ ಮೊದಲ ತೂತು ನೋಡಿದ್ದೇ ನಾನು, ಅಕ್ಕ ಅಲ್ಲ.

ಕಬ್ಬುಗದ್ದೆ · ಮಾರ್ಚ್ 1

ಬ್ರದರ್, ಟ್ರಾಲಿ ಮಾಡಿಸಿ. ನಮ್ಮ ಕಡೆ ಹೊಳೆ ಪಕ್ಕದವರು ಮಾಡೋದು ಅದೇ. ಹಳೇ ಗಾಡಿ ಚಕ್ರ ಎರಡು, ಮೇಲೆ ಆಂಗಲ್ ಫ್ರೇಮ್, ಅದರ ಮೇಲೆ ಮೋಟಾರ್ ಬೋಲ್ಟ್. ಬೇಸಿಗೆಗೆ ಕೆಳಗೆ, ಜೂನ್‌ನಲ್ಲಿ ಸರಪಳಿ ಹಾಕಿ ಟ್ರ್ಯಾಕ್ಟರ್‌ನಲ್ಲಿ ಮೇಲಕ್ಕೆ. ನೀರಿನ ಹತ್ತಿರ ಮೋಟಾರ್ ಇದ್ದರೆ ಸಕ್ಷನ್ ಕಮ್ಮಿ, ಮೇಲಕ್ಕೆ ತಳ್ಳೋದು ಅದಕ್ಕೆ ಸುಲಭ. ನೀರು ಮೇಲಕ್ಕೆ ಒಯ್ಯುವ ಡೆಲಿವರಿಗೆ ಉದ್ದ ಹೋಸ್ ಸಾಕು, ಬೆಂಡಿನ ತಲೆನೋವೂ ಇಲ್ಲ. ಸ್ಟಾರ್ಟರ್ ಮಾತ್ರ ಮೇಲೇ ಇರಲಿ, ಕೇಬಲ್ ಜಾಯಿಂಟ್ ನೆಲಕ್ಕೆ ತಾಗದ ಹಾಗೆ ನೋಡಿಕೊಳ್ಳಿ.

ನೀವು ಹೇಳಿದ ಶಾಶ್ವತ ಕಟ್ಟೆ ಇದೆಯಲ್ಲ, ಮರಳು ಮಣ್ಣಿನ ಇಳಿಜಾರಿನ ಮೇಲೆ ಅದು ಎಷ್ಟು ವರ್ಷ ನಿಲ್ಲುತ್ತದೆ? ಎರಡು ಮರವನ್ನೇ ಹೊಳೆ ಎಳೆದುಕೊಂಡು ಹೋಗಿದೆ ಅಂತ ಅಕ್ಕ ಬರೆದಿದ್ದಾರೆ.

ಪಂಪ್‌ಹೌಸ್ · ಮಾರ್ಚ್ 1

ಆ ಕೊನೆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಟ್ರಾಲಿ ಫೋಟೋ ಇದ್ದರೆ ಹಾಕಿ.

ಫ್ರೈಬರ್ಗ್_ಕನ್ನಡಿಗ · ಮಾರ್ಚ್ 3

ಜರ್ಮನಿಯಿಂದ ಬರೆಯುತ್ತಿದ್ದೇನೆ, ಊರು ಹಾಸನ. ನಾನಿರುವ ಫ್ರೈಬರ್ಗ್ ಪಕ್ಕದಲ್ಲಿ ಕೈಸರ್‌ಸ್ಟೂಲ್ ಅಂತ ಸಣ್ಣ ಗುಡ್ಡಸಾಲು, ಪೂರ್ತಿ ದ್ರಾಕ್ಷಿ ತೋಟ. ಅಲ್ಲಿ ಲೋಸ್ ಅಂತ ನಯವಾದ ಹಳದಿ ಮಣ್ಣು. ಎಪ್ಪತ್ತರ ದಶಕದಲ್ಲಿ ತೋಟಗಳನ್ನು ದೊಡ್ಡ ಮೆಟ್ಟಿಲಾಗಿ ಕಡಿದಾಗ ಎತ್ತರದ ಮಣ್ಣುಗೋಡೆಗಳು ಉಳಿದವು. ತೊಂಬತ್ತರ ದಶಕದಿಂದ ಆ ಗೋಡೆಗಳಲ್ಲಿ ಯುರೋಪಿನ ಕಳ್ಳಿಪೀರ ಗೂಡು ಮಾಡುತ್ತಿದೆ. ಆಫ್ರಿಕಾದಿಂದ ಬರುವುದು ಮೇ ತಿಂಗಳಲ್ಲಿ, ಇಲ್ಲಿ ಆಗ ವಸಂತ. ಜರ್ಮನಿಯಲ್ಲಿ ಈ ಹಕ್ಕಿ ಅಪರೂಪ, ಅದಕ್ಕೇ ಜನ ಟೋಪಿ, ದುರ್ಬೀನು ಹಿಡಿದು ಸಾಲುಗಟ್ಟುತ್ತಾರೆ.

ನನಗೆ ವಿಚಿತ್ರ ಅನ್ನಿಸಿದ್ದು ಇದು. ಇಲ್ಲಿ ಹೊಳೆ ಇಲ್ಲ, ಗೋಡೆ ತಾನಾಗಿ ಹೊಸದಾಗೋದಿಲ್ಲ. ಹಾಗಾಗಿ ಹಕ್ಕಿ ಇಲ್ಲದ ತಿಂಗಳಲ್ಲಿ ಜನರೇ ಪೊದೆ ಸವರಿ, ಗೋಡೆ ಕೆರೆದು ಚೊಕ್ಕ ಮಾಡುತ್ತಾರೆ. ಅಕ್ಕನಿಗೆ ಆ ಕೆಲಸವನ್ನು ಕಾವೇರಿ ಬಿಟ್ಟಿ ಮಾಡಿಕೊಡುತ್ತಿದೆ. ಹೊಳೆ ಬಾರದ ವರ್ಷ ಮಾತ್ರ ಚಳಿಗಾಲದಲ್ಲಿ ಇಳಿಬಿದ್ದ ಹುಲ್ಲು ಕತ್ತರಿಸಿದರೆ ಸಾಕು ಅನ್ನಿಸುತ್ತದೆ.

ಹರಿಹರದವ · ಮಾರ್ಚ್ 4

ನಮ್ಮ ತುಂಗಭದ್ರಾ ದಂಡೆಯಲ್ಲಿ ಈಗ ಹೊರಡುವವರ ಗಲಾಟೆ. ಗುಲಾಬಿ ಕಬ್ಬಕ್ಕಿ ಗುಂಪುಗಟ್ಟಿವೆ. ಸಂಜೆ ಜಾಲಿ ಮರಗಳಿಗೆ ಬಂದು ಕೂತರೆ ಪಕ್ಕದಲ್ಲಿ ಮಾತಾಡಿದ್ದು ಕೇಳೋದಿಲ್ಲ. ಜೋಳದ ತೆನೆ ಸಮಯದಲ್ಲಿ ಕವಣೆ ಹಿಡಿದು ಓಡಿಸಿದ್ದು ನಾವೇ. ಏಪ್ರಿಲ್ ಹೊತ್ತಿಗೆ ಮಧ್ಯ ಏಷ್ಯಾದ ಕಡೆ ಹೊರಟುಬಿಡುತ್ತವೆ. ಅಕ್ಕನ ಕಡೆ ಬರುವವರು, ನಮ್ಮ ಕಡೆ ಹೋಗುವವರು. ಸುಮ್ನೆ ಹೇಳಿದೆ.

ಹೊಳೆದಂಡೆ · ಮಾರ್ಚ್ 17

ತಡವಾಯಿತು, ಅವ್ವನಿಗೆ ಹುಷಾರಿರಲಿಲ್ಲ. ಟ್ರಾಲಿ ಆಯಿತು! ತಮ್ಮನೇ ವೆಲ್ಡಿಂಗ್ ಅಂಗಡಿಗೆ ಹೋಗಿ ನಿಂತು ಮಾಡಿಸಿದ. ದನದ ದಾರಿಯಲ್ಲಿ ಮೋಟಾರ್ ಕೂತಿದೆ. ನೀರು ದಪ್ಪಕ್ಕೆ ಬರುತ್ತಿದೆ, ಹೋದ ವರ್ಷಕ್ಕಿಂತ ವಾಸಿ.

ಕಳ್ಳಿಪೀರ ಎಣಿಸೋಕೆ ಆಗುತ್ತಿಲ್ಲ, ಒಂದು ಕಡೆ ನಿಲ್ಲೋದಿಲ್ಲ. ಗೋಡೆಯಲ್ಲಿ ಇವತ್ತಿಗೆ ಇಪ್ಪತ್ತಮೂರು ತೂತು. ಕೊರೆಯುವಾಗ ಮಣ್ಣು ಚಿಮ್ಮುವುದು ಈಚೆಯಿಂದಲೇ ಕಾಣುತ್ತದೆ. ಒಂದು ಒಳಗೆ ಕೆಲಸ ಮಾಡುತ್ತಿದ್ದರೆ ಇನ್ನೊಂದು ಹೊರಗೆ ಬೇರಿನ ತುದಿ ಹಿಡಿದು ಕಾಯುತ್ತಿರುತ್ತದೆ. ನಿನ್ನೆ ಗಂಡು ಒಂದು ಏರೋಪ್ಲೇನ್ ಚಿಟ್ಟೆ ಹಿಡಿದು ತಂದು, ರೆಕ್ಕೆ ಸಮೇತ ಹೆಣ್ಣಿನ ಬಾಯಿಗೆ ಕೊಟ್ಟಿತು. ಅದು ತಕ್ಷಣ ತಗೊಳ್ಳಲಿಲ್ಲ. ಅತ್ತಿತ್ತ ನೋಡಿ, ಆಮೇಲೆ ತಗೊಂಡಿತು. ಅವ್ವ ನಕ್ಕಳು.

ಹಕ್ಕಿಗಣ್ಣು · ಮಾರ್ಚ್ 17

ತುಂಬಾ ಖುಷಿ. ತೂತಿನ ಲೆಕ್ಕವನ್ನು ಜೋಡಿಯ ಲೆಕ್ಕ ಅಂತ ತಿಳಿಯಬೇಡಿ. ಕಲ್ಲೋ ಬೇರೋ ಸಿಕ್ಕಿದರೆ ಅರ್ಧಕ್ಕೇ ಬಿಟ್ಟು ಪಕ್ಕದಲ್ಲಿ ಹೊಸದು ಶುರು ಮಾಡುತ್ತವೆ, ಹಳೇ ವರ್ಷದವೂ ಸೇರಿರುತ್ತವೆ. ದೂರ ಕೂತು, ಒಂದು ಗಂಟೆಯಲ್ಲಿ ಹಕ್ಕಿ ಒಳಗೆ ಹೋಗಿ ಬಂದ ತೂತು ಮಾತ್ರ ಎಣಿಸಿ. ದಿನಾಂಕ ಸಮೇತ ಬರೆದಿಡಿ, ಹಕ್ಕಿ ನೋಡಿದವರು ಲೆಕ್ಕ ದಾಖಲಿಸುವ ಇ-ಬರ್ಡ್ ವೆಬ್‌ಸೈಟಿಗೆ ಹಾಕೋಕೆ ನಾನು ಸಹಾಯ ಮಾಡುತ್ತೇನೆ.

ಕ್ಯಾಮೆರಾ_ಕಣ್ಣು · ಮಾರ್ಚ್ 19

ಮೇಡಂ, ಬೆಂಗಳೂರಿಂದ. ಜಾಗದ ಲೊಕೇಶನ್ ಕಳಿಸ್ತೀರಾ? ಈ ಭಾನುವಾರ ಮೂರ್ನಾಲ್ಕು ಜನ ಬರ್ತೀವಿ. ಫ್ಲೈಟ್ ಶಾಟ್ಸ್ ಬೇಕಿತ್ತು.

ಶಿಂಷಾ_ತೀರ · ಮಾರ್ಚ್ 19

ಅಕ್ಕ, ಇಲ್ಲಿ ಲೊಕೇಶನ್ ಹಾಕಬೇಡಿ. ಇವತ್ತು ನಾಲ್ಕು ಜನ, ಮುಂದಿನ ವಾರ ನಾಲ್ಕು ಕಾರು.

ಕ್ಯಾಮೆರಾ_ಕಣ್ಣು · ಮಾರ್ಚ್ 19

ಎಲ್ಲ ಫೋಟೋಗ್ರಾಫರ್‌ಗಳನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನಾವು ದೂರದಿಂದಲೇ ತೆಗೆಯುತ್ತೇವೆ. ಜನಕ್ಕೆ ಈ ಹಕ್ಕಿ ಗೊತ್ತಾಗಿದ್ದೇ ಫೋಟೋದಿಂದ.

ಹಕ್ಕಿಗಣ್ಣು · ಮಾರ್ಚ್ 19

ನಿಮ್ಮ ಮಾತಿನಲ್ಲಿ ಸತ್ಯ ಇದೆ. ನಾನೂ ಕ್ಯಾಮೆರಾ ಹಿಡಿಯುವವನೇ. ಆದರೆ ಬೇರೆ ಕಡೆ ನಾನೇ ಕಣ್ಣಾರೆ ನೋಡಿದ್ದೇನೆ: ಗೂಡಿನ ಎದುರಿಗೇ ಕೊಂಬೆ ನೆಟ್ಟು, ಹತ್ತು ಅಡಿ ದೂರದಲ್ಲಿ ಟೆಂಟ್ ಹಾಕಿ ಬೆಳಗಿನಿಂದ ಸಂಜೆವರೆಗೆ ಕೂರುತ್ತಾರೆ. ತಾಯಿ ಬಾಯಲ್ಲಿ ಹುಳ ಹಿಡಿದುಕೊಂಡು ತಂತಿ ಮೇಲೆ ಕಾಯುತ್ತಿರುತ್ತದೆ. ಒಳಗೆ ಮರಿ ಹಸಿದಿರುತ್ತದೆ. ಫೋಟೋ ಮಾತ್ರ ಸೊಗಸಾಗಿ ಬರುತ್ತದೆ, ಬಾಯಲ್ಲಿ ಹುಳ ಇದೆಯಲ್ಲ! ಗೂಡಿನ ಸಮಯದಲ್ಲಿ ಜಾಗ ಹೇಳದಿರೋದೇ ಒಳ್ಳೆಯದು.

ಹೊಳೆದಂಡೆ · ಮಾರ್ಚ್ 20

ಕ್ಯಾಮೆರಾ ಸರ್, ಬೇಜಾರು ಬೇಡ. ನಮ್ಮ ಮನೆಗೆ ಊಟಕ್ಕೆ ಬನ್ನಿ, ಜುಲೈನಲ್ಲಿ. ಈಗ ಬೇಡ.

ನಿನ್ನೆ ಸಂಜೆ ಗೊತ್ತಿಲ್ಲದ ಇಬ್ಬರು ದಂಡೆ ಮೇಲೆ ನಡೆದು ಬಂದು, ನೇರ ಗೋಡೆ ನೆತ್ತಿ ಮೇಲೆ ನಿಂತರು. ಅಂಚಿನ ಮಣ್ಣು ಉದುರಿತು. ತಮ್ಮ ಕೂಗಾಡಿ ಕಳಿಸಿದ. ಈಗ ಅಲ್ಲಿ ಮುಳ್ಳು ಎಳೆದಿದ್ದಾನೆ. ನಾನು ಹೇಳಿದ್ದಲ್ಲ, ಅವನೇ.

ಶಿರಸಿ_ಜೇನು · ಏಪ್ರಿಲ್ 5

ನಾನು ಬರೆದದ್ದು ಸ್ವಲ್ಪ ಖಾರ ಆಯಿತೇನೋ ಅಂತ ಆಮೇಲೆ ಅನ್ನಿಸಿತು. ಈ ವರ್ಷ ಪೆಟ್ಟಿಗೆಗಳನ್ನು ಬಯಲಿಂದ ಎತ್ತಿ ಅಡಿಕೆ ತೋಟದ ಒಳಗೆ, ನೆರಳಿಗೆ ಇಟ್ಟೆ. ಮರದ ಕೆಳಗಿನ ಇಕ್ಕಟ್ಟಲ್ಲಿ ಕಳ್ಳಿಪೀರಕ್ಕೆ ಅಷ್ಟು ಸಲೀಸಾಗಿ ಹಿಡಿಯೋಕೆ ಬರೋದಿಲ್ಲ. ಎದುರಿನ ಒಣ ಕೊಂಬೆಯನ್ನೂ ಕಡಿದೆ. ನಷ್ಟ ಕಮ್ಮಿ ಆಗಿದೆ. ಹಕ್ಕಿ ಹೋಗಿಲ್ಲ, ತೋಟದ ಆಚೆ ತಂತಿ ಮೇಲೆ ಕೂತು ನನ್ನನ್ನೇ ನೋಡುತ್ತದೆ.

ಹೊಳೆದಂಡೆ · ಏಪ್ರಿಲ್ 22

ಕೆಟ್ಟ ಸುದ್ದಿ ಮೊದಲು. ಗೋಡೆಯ ಮೇಲಿನ ಸಾಲಿನ ಎರಡು ಗೂಡನ್ನು ಏನೋ ಬಗೆದು ಹಾಕಿದೆ. ಮರಳಲ್ಲಿ ಉಗುರಿನ ಗುರುತು, ನಡುವೆ ಬಾಲ ಎಳೆದ ಗೆರೆ. ಉಡವೇ ಇರಬೇಕು. ಮೊಟ್ಟೆ ಚಿಪ್ಪು ಸಿಕ್ಕಿತು, ಬೆಳ್ಳಗೆ, ಗೋಲಿ ಗಾತ್ರಕ್ಕಿಂತ ಸ್ವಲ್ಪ ದೊಡ್ಡದು.

ಇನ್ನೊಂದು. ಹೊಳೆ ನಡುವಿನ ಮರಳ ದಿಬ್ಬದಲ್ಲಿ ಎರಡು ಜೋಡಿ ರೀವ ಹಕ್ಕಿ ಕೂತಿದ್ದವು. ಹಳದಿ ಕೊಕ್ಕು, ಕಪ್ಪು ಟೋಪಿ. ಬರೀ ಮರಳಿನ ಮೇಲೆ ಮೊಟ್ಟೆ. ಮೊನ್ನೆ ಕಟ್ಟೆಯಿಂದ ನೀರು ಬಿಟ್ಟರು, ಮೂರು ಅಡಿ ಏರಿತು. ದಿಬ್ಬ ಮುಳುಗಿತು. ಎರಡು ದಿನ ಅದೇ ಜಾಗದ ಮೇಲೆ ಕೂಗುತ್ತಾ ಸುತ್ತಿದವು. ನೀರು ನಮ್ಮ ಕಬ್ಬಿಗೂ ಬೇಕಿತ್ತು, ಕೆಳಗಿನವರ ಕುಡಿಯುವ ನೀರಿಗೂ ಬೇಕಿತ್ತು. ಯಾರನ್ನು ಬೈಯಲಿ?

ಹಕ್ಕಿಗಣ್ಣು · ಏಪ್ರಿಲ್ 22

ಉಡ ತಿಂದದ್ದಕ್ಕೆ ಬೇಲಿ ಹಾಕೋಕೆ ಹೋಗಬೇಡಿ, ಅದರ ಊಟ ಅದು. ನಾಯಿ ಆದರೆ ಮಾತ್ರ ತಡೆಯಿರಿ. ರೀವದ ಕಥೆ ಹೊಳೆಯಲ್ಲಿ ಹಳೆಯದು. ರಂಗನತಿಟ್ಟಿನಲ್ಲೂ ಕಟ್ಟೆಯಿಂದ ಜೋರಾಗಿ ನೀರು ಬಂದಾಗ ತಗ್ಗಿನ ಗೂಡು ಕೊಚ್ಚಿಹೋಗುತ್ತವೆ. ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ ಇದು ತಿರುಗುಮುರುಗು. ಬೇಸಿಗೆಯಲ್ಲಿ ನೀರು ಇಳಿದಾಗ ನಡುಗಡ್ಡೆ ಮೇಲೇಳುತ್ತವೆ, ಅಲ್ಲಿ ಸಾವಿರಗಟ್ಟಲೆ ರೀವ ಮರಿ ಮಾಡುತ್ತವೆ. ನಿಮ್ಮವು ಬೇಗ ಸೋತಿರೋದರಿಂದ ಮತ್ತೊಮ್ಮೆ ಮೊಟ್ಟೆ ಇಡಲೂಬಹುದು. ನೋಡುತ್ತಿರಿ.

ಹೊಳೆದಂಡೆ · ಮೇ 14

ರೀವ ಒಂದು ಜೋಡಿ ಮತ್ತೆ ಕೂತಿದೆ, ಈ ಸಲ ದಿಬ್ಬದ ನೆತ್ತಿಯಲ್ಲಿ.

ಗೋಡೆಯಲ್ಲಿ ಈಗ ಗಲಾಟೆಯೋ ಗಲಾಟೆ. ಕೆಳಗಿನ ಸಾಲಿನ ತೂತಿನಿಂದ ಮರಿಯ ಮುಖ ಕಾಣುತ್ತದೆ. ಬಣ್ಣ ಇನ್ನೂ ಮಂಕು. ತಾಯಿ ಬರುವ ಸದ್ದಿಗೆ ಮುಂದೆ ನುಗ್ಗುತ್ತವೆ, ಗುಟುಕು ಸಿಕ್ಕಿದ್ದು ಹಿಂದಕ್ಕೆ ಸರಿಯುತ್ತದೆ, ಇನ್ನೊಂದು ಬರುತ್ತದೆ. ಗೋಡೆ ಕೆಳಗೆ ಏರೋಪ್ಲೇನ್ ಚಿಟ್ಟೆಯ ರೆಕ್ಕೆಗಳು ಚೆಲ್ಲಿವೆ, ಗಾಜಿನ ಚೂರಿನ ಹಾಗೆ. ಹತ್ತಿರ ಹೋದರೆ ವಾಸನೆ, ಅದನ್ನು ಯಾಕೆ ಮುಚ್ಚಿಡಲಿ.

ಒಂದು ಗಂಟೆ ಕೂತು ಎಣಿಸಿದೆ. ಹೋಗಿ ಬಂದ ತೂತು ಹದಿನಾಲ್ಕು.

ಕಬ್ಬುಗದ್ದೆ · ಮೇ 14

ಟ್ರಾಲಿ ಹೇಗಿದೆ? ಅದನ್ನು ಯಾರೂ ಕೇಳುತ್ತಿಲ್ಲ.

ಪಂಪ್‌ಹೌಸ್ · ಮೇ 15

ಚೆನ್ನಾಗಿದೆ ಅಣ್ಣ. ನೀರು ಬಿಟ್ಟ ರಾತ್ರಿ ಎರಡು ಗಂಟೆಗೆ ಎದ್ದು ಟ್ರ್ಯಾಕ್ಟರ್ ಹಾಕಿ ಹತ್ತು ಅಡಿ ಮೇಲೆ ಎಳೆದೆ, ಅಷ್ಟೇ ಕಷ್ಟ. ಕಬ್ಬು ಬಾಡಲಿಲ್ಲ. ಪಕ್ಕದ ಜಮೀನಿನವರೂ ಅಳತೆ ಬರೆದುಕೊಂಡು ಹೋದರು.

ಹೊಳೆದಂಡೆ · ಜೂನ್ 18

ತಂತಿ ಮೇಲೆ ಮರಿ, ದೊಡ್ಡವು ಎಲ್ಲ ಸೇರಿ ಐವತ್ತರ ಮೇಲೆ ಇದ್ದವು ಹೋದ ವಾರ. ಮೊನ್ನೆ ಮಳೆ ಹನಿಯಿತು. ನಿನ್ನೆ ಹನ್ನೊಂದು. ಇವತ್ತು ಬೆಳಿಗ್ಗೆ ಮೋಟಾರ್ ಹತ್ತಿರ ಹೋದಾಗ ಸದ್ದೇ ಇಲ್ಲ. ಕಾಜಾಣ ಒಂದು ಕೂತಿತ್ತು. ಅವ್ವ ಕಾಫಿ ಕುಡಿಯುತ್ತಾ "ಹೋದವಾ?" ಅಂದಳು. "ಹೂಂ" ಅಂದೆ.

ಫ್ರೈಬರ್ಗ್_ಕನ್ನಡಿಗ · ಜೂನ್ 19

ಇಲ್ಲಿ ಈಗ ಗೂಡಿನ ಸಮಯ. ಇವತ್ತು ಸಂಜೆ ನೋಡೋಕೆ ಹೋಗಿದ್ದೆ, ನಿಮ್ಮ ಗೋಡೆ ನೆನಪಾಯಿತು. ತೂತುಗಳನ್ನು ಹಾಗೇ ಬಿಡುತ್ತೀರಾ?

ಹಕ್ಕಿಗಣ್ಣು · ಜೂನ್ 19

ಹಾಗೇ ಬಿಡಲಿ. ತಡವಾದ ಒಂದೆರಡು ಜೋಡಿ ಒಳಗಿದ್ದರೂ ಇರಬಹುದು. ಜೂನ್ ಮುಗಿಯುವವರೆಗೆ ಯಾರೂ ಕೈ ಹಾಕಬೇಡಿ. ಆಮೇಲಿನದನ್ನು ಹೊಳೆಯೇ ನೋಡಿಕೊಳ್ಳುತ್ತದೆ.

ಪಂಪ್‌ಹೌಸ್ · ಜುಲೈ 6

ಹೊಳೆ ಏರುತ್ತಿದೆ. ಟ್ರಾಲಿ ಮೇಲಕ್ಕೆ ಎಳೆದಾಯಿತು. ಕೆಳಗಿನ ಸಾಲಿನ ತೂತಿಗೆ ನೀರು ಬಂತು. ಎಲ್ಲ ಖಾಲಿ, ಒಂದು ಗಂಟೆ ಕೂತು ನೋಡಿಯೇ ಹೇಳುತ್ತಿದ್ದೇನೆ. ರೀವದ ಮರಿ ಎರಡು ಹಾರುತ್ತಿವೆ. ಅಕ್ಕನ ದುರ್ಬೀನು ನನ್ನ ಹತ್ತಿರ ಇದೆ, ಅವಳು ಕೇಳಿದರೆ ಯಾರೂ ಹೇಳಬೇಡಿ.

ಹೊಳೆದಂಡೆ · ಜುಲೈ 6

ಓದಿದೆ. ಸಂಜೆಯೊಳಗೆ ತಂದು ಗೂಟಕ್ಕೆ ತಗುಲಿಹಾಕು.